ಕಾಳುಮೆಣಸಿನಷ್ಟು ಗಡ್ಡೆಗೆ ಎಷ್ಟು ಕರುಳು ತೆಗೆಯಬೇಕು?

ಅಪೆಂಡಿಕ್ಸ್ ಆಪರೇಷನ್ ನಮ್ಮ ಮಲೆನಾಡಿನ ಮನೆಗಳಿಗೆ ಹೊಸದೇನಲ್ಲ. ಸಾಗರದವರೋ ತೀರ್ಥಹಳ್ಳಿಯವರೋ ಹೊಟ್ಟೆನೋವು ಅಂತ ಶಿವಮೊಗ್ಗಕ್ಕೆ ಹೋಗುತ್ತಾರೆ, ತೆಗೆಸಿಕೊಂಡು ಬರುತ್ತಾರೆ, ಹೊಲಿಗೆ ಒಣಗುವಷ್ಟರಲ್ಲಿ ಮರೆತೂ ಬಿಡುತ್ತಾರೆ. ಆದರೆ ತೆಗೆದ ಅಪೆಂಡಿಕ್ಸ್ ಫಾರ್ಮಾಲಿನ್ ಡಬ್ಬಿಯಲ್ಲಿ ಲ್ಯಾಬಿಗೆ ಹೋಗಿರುತ್ತದೆ ಅಲ್ವಾ, ಅದರ ರಿಪೋರ್ಟ್ ಬರುವುದು ಆಮೇಲೆ. ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಸಲ ಅದರಲ್ಲಿ ನ್ಯೂರೋಎಂಡೋಕ್ರೈನ್ ಟ್ಯೂಮರ್, ಅಂದರೆ ಹಾರ್ಮೋನು ಮಾಡುವಂಥ ಜೀವಕೋಶಗಳಿಂದ ಬೆಳೆಯುವ ಗಡ್ಡೆ, ಅಂತ ಬರೆದಿರುತ್ತದೆ. ಹಳೆಯ ಡಾಕ್ಟರುಗಳು ಕಾರ್ಸಿನಾಯ್ಡ್ ಅನ್ನುತ್ತಿದ್ದದ್ದು ಇದನ್ನೇ. ಹೆಚ್ಚಿನವು ಅಪೆಂಡಿಕ್ಸ್‌ನ ತುದಿಯಲ್ಲಿ, ಕಾಳುಮೆಣಸಿನಷ್ಟು ದಪ್ಪ.

ಟ್ಯೂಮರ್ ಅಂದ ಕೂಡಲೇ ಮನೆಯವರ ಮಾತು ಒಂದೇ: "ಎಲ್ಲಾ ತೆಗೆದುಬಿಡಿ ಸಾರ್." ಎಲ್ಲಾ ಅಂದರೆ ಇಲ್ಲಿ ಏನು ಗೊತ್ತಾ? ಸಣ್ಣ ಕರುಳಿನ ಕೊನೆಯ ತುಂಡು, ದೊಡ್ಡ ಕರುಳಿನ ಬಲಭಾಗ, ಅದರ ಜೊತೆಗಿರುವ ಲಿಂಫ್ ಗ್ರಂಥಿಗಳು (ಗಡ್ಡೆ ಹರಡಿದರೆ ಸಾಮಾನ್ಯವಾಗಿ ಮೊದಲು ಸೇರುವ ಜಾಗ), ಇಷ್ಟನ್ನೂ ತೆಗೆದು ಉಳಿದ ಎರಡು ತುದಿಗಳನ್ನು ಜೋಡಿಸುವುದು. ಹೆಸರು ರೈಟ್ ಹೆಮಿಕೊಲೆಕ್ಟಮಿ. ಜೋಡಿಸಿದ ಜಾಗ ಸೋರಿದರೆ ಜೀವಕ್ಕೇ ಅಪಾಯ. ಪಿತ್ತದ ಲವಣ ಮತ್ತು ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಆ ಕೊನೆಯ ಭಾಗವೇ ಆದ್ದರಿಂದ, ಕೆಲವರಿಗೆ ವರ್ಷಗಟ್ಟಲೆ ಭೇದಿ ಕಾಡುತ್ತದೆ.

1 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ ಪೂರ್ತಿ ಬಂದಿದ್ದರೆ ಸಾಮಾನ್ಯವಾಗಿ ಅಪೆಂಡಿಕ್ಸ್ ತೆಗೆದದ್ದೇ ಸಾಕು. 2 ಸೆಂಟಿಮೀಟರ್ ದಾಟಿದರೆ ದೊಡ್ಡ ಆಪರೇಷನ್ನೇ ಸಲಹೆ. ಜಗಳ ಇರುವುದು ನಡುವಿನದ್ದಕ್ಕೆ.

ಈ ನಡುವಿನ ಗಾತ್ರದ್ದು ಲಿಂಫ್ ಗ್ರಂಥಿಗಳಿಗೆ ಹೋಗಿರಬಹುದು ಅನ್ನೋ ಹೆದರಿಕೆಯಿಂದ ಎಷ್ಟೋ ಜನರಿಗೆ ಎರಡನೇ ಸಲ ಹೊಟ್ಟೆ ತೆರೆಯುತ್ತಿದ್ದರು. 2023ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಯುರೋಪಿನ ಒಂದು ಅಧ್ಯಯನ ಬಂತು. 1ರಿಂದ 2 ಸೆಂಟಿಮೀಟರ್ ಗಡ್ಡೆಯಿದ್ದ 278 ಜನರಲ್ಲಿ 163 ಜನಕ್ಕೆ ಅಪೆಂಡಿಕ್ಸ್ ಮಾತ್ರ ತೆಗೆದಿದ್ದರು, 115 ಜನಕ್ಕೆ ಕರುಳೂ. ಕರುಳು ತೆಗೆಸಿಕೊಂಡವರಲ್ಲಿ ಸುಮಾರು ಐದರಲ್ಲಿ ಒಬ್ಬರ ಗ್ರಂಥಿಗಳಲ್ಲಿ ಗಡ್ಡೆಯ ಕಣಗಳು ನಿಜಕ್ಕೂ ಸಿಕ್ಕವು. ಅಂದಮೇಲೆ ಇನ್ನೊಂದು ಗುಂಪಿನಲ್ಲೂ ಒಂದಷ್ಟು ಜನ ಅಂಥ ಗ್ರಂಥಿಗಳನ್ನು ಒಳಗೇ ಇಟ್ಟುಕೊಂಡು ಓಡಾಡಿರಬೇಕು ತಾನೆ? ಆದರೂ ಹತ್ತು ವರ್ಷಕ್ಕೂ ಜಾಸ್ತಿ ನೋಡಿದರೂ ಎರಡೂ ಗುಂಪಿನಲ್ಲಿ ಈ ಗಡ್ಡೆಯಿಂದ ಯಾರೂ ಸಾಯಲಿಲ್ಲ. ಹಳೆಯ ದಾಖಲೆ ಕೆದಕಿ ಮಾಡಿದ ಲೆಕ್ಕ ಇದು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ನಿಜ. ಆದರೂ ಈ ಗಾತ್ರಕ್ಕೆ ಸುಮ್ನೆ ಭಯಕ್ಕೆ ಕರುಳು ಕತ್ತರಿಸುವುದು ಇನ್ನು ಸರಿಯಲ್ಲ ಅಂತಲೇ ನನಗನ್ನಿಸುತ್ತದೆ. ಕತ್ತರಿಸಿದ ಅಂಚಿನಲ್ಲೇ ಗಡ್ಡೆ ಉಳಿದಿದ್ದರೆ ಮಾತು ಬೇರೆ.

ಇಷ್ಟೂ ಹೇಳಿದ್ದು ಈ ಒಂದು ಜಾತಿಯ ಗಡ್ಡೆಗೆ. ಅಡಿನೋಕಾರ್ಸಿನೋಮ ಬಂದರೆ ಅದು ಗ್ರಂಥಿಗಳ ದಾರಿ ಹಿಡಿದು ಹರಡುವ ಕ್ಯಾನ್ಸರ್, ಅಲ್ಲಿ ಸಾಮಾನ್ಯವಾಗಿ ಕರುಳು ತೆಗೆಯಲೇಬೇಕು. ಲೋಳೆ ತುಂಬಿಕೊಳ್ಳುವ ಎಲ್‌ಎಎಂಎನ್ ಅನ್ನೋ ಅಪೆಂಡಿಕ್ಸ್ ಗಡ್ಡೆ ಇನ್ನೊಂದು ಥರ. ಅದು ಗ್ರಂಥಿಗಳಿಗೆ ಹೋಗುವುದು ತೀರಾ ಅಪರೂಪ, ಒಡೆದರೆ ಮಾತ್ರ ಹೊಟ್ಟೆಯೊಳಗೆಲ್ಲಾ ಲೋಳೆ ಹರಡುತ್ತದೆ. ಒಡೆಯದೆ ಪೂರ್ತಿ ಬಂದರೆ ಅಪೆಂಡಿಕ್ಸ್ ತೆಗೆದದ್ದೇ ಸಾಕು, ಒಡೆದು ಹರಡಿದ ಮೇಲೆ ಬರೀ ಬಲಗಡೆ ಕರುಳು ತೆಗೆದರೆ ಲೋಳೆ ನಿಲ್ಲುವುದಿಲ್ಲ.

ಹಾಗಾಗಿ ಹೊಲಿಗೆ ಬಿಚ್ಚಿಸಲು ಹೋದಾಗ ಬಯಾಪ್ಸಿ ರಿಪೋರ್ಟ್ ಕೇಳಿ ಪಡೆಯಿರಿ. ಗಡ್ಡೆ ಇದೆ ಅಂತಾದರೆ ಯಾವ ಜಾತಿ, ಎಷ್ಟು ಗಾತ್ರ, ಅಂಚು ಸ್ವಚ್ಛ ಇದೆಯಾ ಅಂತ ಕೇಳಿ. ಎರಡನೇ ಅಭಿಪ್ರಾಯಕ್ಕೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರು ಬರೀ ರಿಪೋರ್ಟಿನ ಫೋಟೋ ಹಿಡಿದು ಹೋಗಬೇಡಿ. ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ, ತೆಗೆದ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನೂ ಕೇಳಿ ತೆಗೆದುಕೊಂಡು ಹೋಗಿ. ಅಲ್ಲಿಯ ಪೆಥಾಲಜಿಸ್ಟ್, ಅಂದರೆ ಲ್ಯಾಬಿನ ಡಾಕ್ಟರು, ಮತ್ತೆ ನೋಡಬೇಕಾಗಿರುವುದು ಅವನ್ನೇ.