ಫ್ಯೂಸಿಗೆ ಹನ್ನೆರಡು ಎಳೆ ಸುತ್ತಿದರೆ ಏನಾಗುತ್ತದೆ?

ಹೋದ ಬೇಸಿಗೆಯಲ್ಲಿ ಜಮಖಂಡಿ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ 5 ಎಚ್‌ಪಿ ಮೋಟರಿನ ಫ್ಯೂಸ್ ಒಂದೇ ದಿನ ಮೂರು ಸಲ ಹಾರಿತು. ಕಬ್ಬು ಬಾಡುತ್ತಿತ್ತು. ಥ್ರೀ ಫೇಸ್ ಇರುವುದೇ ಕೆಲವು ತಾಸು. "ಯಾರದೋ ದೃಷ್ಟಿ ಆಗೇತಿ ನೋಡಪಾ" ಅಂದರು ಕಾಕಾ. ಸ್ಟಾರ್ಟರ್ ಡಬ್ಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಆಮೇಲೆ ಹಳೇ ವೈರಿನ ತುಂಡೊಂದನ್ನು ಸುಲಿದು, ಹನ್ನೆರಡು ಎಳೆ ಹೊಸೆದು ಫ್ಯೂಸಿಗೆ ಸುತ್ತಿದರು. ಈ ಸಲ ಫ್ಯೂಸ್ ಹಾರಲಿಲ್ಲ. ಮೋಟರ್ ಸುಟ್ಟಿತು.

ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿ ನೋಡಿದರೆ ಬೇರಿಂಗ್ ಜಾಮ್ ಆಗಿತ್ತು. ಮೋಟರ್ ಜಾಸ್ತಿ ಕರೆಂಟ್ ಎಳೆದರೆ ಲೈನ್ ಕಡಿಯಬೇಕಾದ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಯಾವಾಗಲೋ ಯಾರೋ ಬೈಪಾಸ್ ಮಾಡಿಬಿಟ್ಟಿದ್ದರು. ಇದನ್ನೆಲ್ಲ ಹೇಳುವುದಕ್ಕೆ ಉಳಿದಿದ್ದು ಆ ಫ್ಯೂಸ್ ಒಂದೇ, ಅದು ಮೂರು ಸಲ ಹೇಳಿತು ಕೂಡ. ನಾವು ಅದರ ಬಾಯಿ ಕಟ್ಟಿದೆವು. ನನಗೆ ಇವತ್ತಿಗೂ ಅದೇ ಸಂಕಟ.

ಫ್ಯೂಸ್ ಹಾರಿತು ಅಂದರೆ ಫ್ಯೂಸ್ ಕೆಟ್ಟಿತು ಅಂತ ನಾವು ತಿಳಿದಿದ್ದೇವೆ. ಅದಕ್ಕೇ "ಇನ್ನೊಂದೆರಡು ಎಳೆ ಜಾಸ್ತಿ ಸುತ್ತು, ಗಟ್ಟಿ ಆಗ್ತದ" ಎನ್ನುತ್ತೇವೆ. ಈ ಎರಡು ಎಳೆಯ ಲೆಕ್ಕ ಎಷ್ಟು ಚೆಂದ ಇದೆ ಅನ್ನುವುದನ್ನು ಹೇಳದೆ ನನಗೆ ಸಮಾಧಾನ ಇಲ್ಲ.

ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ತಂತಿ ಸಣ್ಣದಾದಷ್ಟೂ ಬಿಸಿ ಜಾಸ್ತಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವರಿಗೆ ಇದು ಗೊತ್ತು. ದೊಡ್ಡ ರಸ್ತೆಯಲ್ಲಿ ಆರಾಮಾಗಿ ಬರುವ ಜನ ಸಣ್ಣ ಓಣಿಗೆ ನುಗ್ಗಿದ ಕೂಡಲೇ ಮೈಗೆ ಮೈ ಉಜ್ಜಿ ಬೆವರುತ್ತಾರೆ. ಜನ ಅಷ್ಟೇ, ಜಾಗ ಕಮ್ಮಿ. ಇಡೀ ಮನೆಯ ವೈರಿಂಗಿನಲ್ಲಿ ಬೇಕಂತಲೇ ಬಿಟ್ಟ ಅಂಥ ಒಂದು ಸಣ್ಣ ಓಣಿಯೇ ಫ್ಯೂಸ್.

ಆದರೆ ಇದು ಅರ್ಧ ಮಾತು. ಹುಟ್ಟಿದ ಬಿಸಿ ಹೊರಗೂ ಹೋಗಬೇಕಲ್ವಾ? ಅದು ಹೋಗುವುದು ತಂತಿಯ ಮೈಯಿಂದ. ಚಹಾ ಬಸಿಗೆ ಸುರಿದರೆ ಬೇಗ ಆರುತ್ತದೆ, ಕಪ್ಪಿನಲ್ಲೇ ಬಿಟ್ಟರೆ ತಡ. ಮೈ ಅಗಲ ಇದ್ದಷ್ಟೂ ಬಿಸಿ ಬೇಗ ಹೋಗುತ್ತದೆ. ದಪ್ಪ ತಂತಿಯಲ್ಲಿ ಬಿಸಿ ಹುಟ್ಟುವುದೂ ಕಮ್ಮಿ, ಆರುವುದೂ ಬೇಗ. ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಹಾಗಾಗಿ ತಂತಿಯ ದಪ್ಪ ಎರಡು ಪಟ್ಟು ಮಾಡಿದರೆ ಅದು ತಡೆಯುವ ಕರೆಂಟ್ ಎರಡು ಪಟ್ಟಲ್ಲ, ಸುಮಾರು 2.8 ಪಟ್ಟು ಆಗುತ್ತದೆ!

ಇದನ್ನು ಲೆಕ್ಕಕ್ಕೆ ಇಳಿಸಿದವರು ವಿಲಿಯಂ ಹೆನ್ರಿ ಪ್ರೀಸ್. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಟೆಲಿಗ್ರಾಫ್ ಎಂಜಿನಿಯರ್ ಆಗಿದ್ದ ಇವರು 1884ರಲ್ಲಿ ಬೇರೆ ಬೇರೆ ದಪ್ಪದ, ಬೇರೆ ಬೇರೆ ಲೋಹದ ತಂತಿಗಳನ್ನು ಕರಗಿಸಿ ಕರಗಿಸಿ ನೋಡಿದರು. ಅದಕ್ಕೂ ಮೂವತ್ತೇಳು ವರ್ಷ ಮೊದಲು, 1847ರಲ್ಲಿ, ಫ್ರಾನ್ಸಿನ ಬ್ರೆಗೆ ಎಂಬುವರು ಸಿಡಿಲಿನಿಂದ ಟೆಲಿಗ್ರಾಫ್ ಕಚೇರಿಗಳನ್ನು ಉಳಿಸಲು ಸಣ್ಣ ತಂತಿ ಹಾಕಿ ಅಂತ ಹೇಳಿದ್ದರು. ಎಡಿಸನ್ ಫ್ಯೂಸಿಗೆ ಪೇಟೆಂಟ್ ಪಡೆದದ್ದು 1890ರಲ್ಲಿ. ನಮ್ಮ ಗೋಕಾಕ ಫಾಲ್ಸ್‌ನ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಲು ಶುರುವಾದದ್ದೂ ಹೆಚ್ಚುಕಡಿಮೆ ಅದೇ ಕಾಲ.

ಪ್ರೀಸ್ ಲೆಕ್ಕವನ್ನು ಕಾಕಾನ ಫ್ಯೂಸಿಗೆ ಹಾಕಿ ನೋಡೋಣ. ಮಾಮೂಲಿ ವೈರಿನ ಒಳಗಿನ ತಾಮ್ರದ ಎಳೆ ಹೆಚ್ಚಾಗಿ 0.2 ಮಿಲಿಮೀಟರ್ ದಪ್ಪ ಇರುತ್ತದೆ. ಅಂಥ ಒಂದೇ ಎಳೆ ಕರಗಲು ಸುಮಾರು 7 ಆಂಪಿಯರ್ ಬೇಕು, ಅದನ್ನು 5 ಆಂಪಿಯರ್ ಫ್ಯೂಸಿಗೆ ಬಳಸಬಹುದು. 15 ಆಂಪಿಯರಿಗೆ ಅಂತ ಮಾರುವ ಅರ್ಧ ಮಿಲಿಮೀಟರ್ ತಂತಿ ಕರಗುವುದು 28ರ ಹತ್ತಿರ. ಹನ್ನೆರಡು ಎಳೆ ಹೊಸೆದರೆ? 45ಕ್ಕೂ ಮೇಲೆ. 5 ಎಚ್‌ಪಿ ಮೋಟರ್ ಸರಿಯಾಗಿ ತಿರುಗುವಾಗ ಎಳೆಯುವುದು ಸುಮಾರು 7 ಆಂಪಿಯರ್, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಆ ಒಂದೆರಡು ಸೆಕೆಂಡನ್ನು ಒಳ್ಳೆಯ ಫ್ಯೂಸ್ ತಡೆದುಕೊಳ್ಳುತ್ತದೆ, ಏಕೆಂದರೆ ತಂತಿ ಕಾಯಲೂ ಹೊತ್ತು ಬೇಕು. ಹಂಚು ಕಾಯದೆ ರೊಟ್ಟಿ ಬೇಯುವುದಿಲ್ಲವಲ್ಲ, ಹಾಗೆ. ಆದರೆ ಬೇರಿಂಗ್ ಹಿಡಿದುಕೊಂಡ ಮೋಟರ್ ಶುರುವಿನ ಆ 40 ಆಂಪಿಯರನ್ನೇ ಎಳೆಯುತ್ತಾ ನಿಲ್ಲುತ್ತದೆ. ಮೊದಲು ಇದ್ದ, 28ಕ್ಕೆ ಕರಗುವ ತಂತಿ ಹಾರಿತು, ಹನ್ನೆರಡು ಎಳೆಯ 45ರದ್ದು ಸುಮ್ನೆ ಕೂತಿತು. ದೃಷ್ಟಿಗೆ ಇಲ್ಲಿ ಏನೂ ಕೆಲಸ ಇರಲಿಲ್ಲ.

ಖಂಡೇನವಮಿಗೆ ಮೋಟರಿಗೆ ಕುಂಕುಮ ಹಚ್ಚಿ ಪೂಜೆ ಮಾಡುವುದರ ಬಗ್ಗೆ ನನ್ನ ತಕರಾರಿಲ್ಲ, ನಾನೂ ಮಾಡುತ್ತೇನೆ. ಆದರೆ ಕಾರಣ ಹುಡುಕುವ ಜಾಗದಲ್ಲಿ ನಿಂಬೆಹಣ್ಣು ಕಟ್ಟಿದರೆ ಹುಡುಕುವುದೇ ನಿಂತುಹೋಗುತ್ತದೆ. ನನ್ನ ಭಯ ಅದು.

ಇದೇ ತಪ್ಪನ್ನು ಇನ್ನೊಂದು ಕಡೆಯಿಂದ ಕೇಳಿದೆ. ಬೆಳಗಾವಿಯ ಗೆಳೆಯನೊಬ್ಬ ಬ್ರಿಟನ್ನಿನಲ್ಲಿದ್ದಾನೆ. ಅವನ ಮನೆ ಮಾಲಕರ ಹತ್ತಿರ ಒಂದು ಟ್ಯಾನಿಂಗ್ ಬೆಡ್ ಇದೆ. ಅಂದರೆ ಮೈ ಬಣ್ಣ ಕಂದಾಗಲಿ ಅಂತ ನೇರಳಾತೀತ ಬೆಳಕಿನ ಟ್ಯೂಬುಗಳ ನಡುವೆ ಮಲಗುವ ಹಾಸಿಗೆ. ಏಪ್ರಿಲ್ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿ ಓಡಾಡುವ ನಮಗೆ ಇದು ವಿಚಿತ್ರ ಅನಿಸುತ್ತದೆ, ಆದರೆ ಅಲ್ಲಿ ಬಿಸಿಲೇ ಅಪರೂಪ. ಆ ದೇಶದಲ್ಲಿ ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಇರುತ್ತದೆ, ಹೆಚ್ಚೆಂದರೆ 13 ಆಂಪಿಯರಿನದು. ಅದು ಪದೇ ಪದೇ ಹಾರುತ್ತಿದೆ, ಬೆಳ್ಳಿ ಹಾಳೆ (ಅಲ್ಯೂಮಿನಿಯಂ ಫಾಯಿಲ್) ಸುತ್ತಿದರೆ ನಡೆಯುತ್ತಾ ಅಂತ ಅವರು ಇವನನ್ನು ಕೇಳಿದ್ದಾರೆ, ಇವನು ನನ್ನನ್ನು.

ಖಂಡಿತ ಬೇಡ ಅಂದೆ. 100 ವ್ಯಾಟಿನ 24 ಟ್ಯೂಬ್ ಅಂದರೆ 2400 ವ್ಯಾಟ್, ಸುಮಾರು ಹತ್ತೂವರೆ ಆಂಪಿಯರ್. ಟ್ಯೂಬುಗಳ ಲೆಕ್ಕಕ್ಕೆ 13ರ ಫ್ಯೂಸ್ ಸಾಕು. ಆದರೂ ಹಾರುತ್ತಿದೆ ಅಂದರೆ ಚೋಕ್ ಕೆಟ್ಟಿರಬಹುದು, ಇಲ್ಲವೇ ಪ್ಲಗ್ಗಿನಲ್ಲಿ ಸ್ಕ್ರೂ ಸಡಿಲ ಆಗಿ ಕಾಯುತ್ತಿರಬಹುದು. ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಬೆಳ್ಳಿ ಹಾಳೆ ಸುತ್ತಿದರೆ ಮುಂದೆ ಕರಗುವುದು ವೈರಿನ ಮೈ.

ಆಮೇಲೆ ಅವನು ಕೇಳಿದ, "ಸರಿಯಾದ ಫ್ಯೂಸ್ ಹಾಕಿದರ ಸೇಫ್ ಅಲ್ಲೇನು?" ಇಲ್ಲೇ ಇರುವುದು ಗುಟ್ಟು. ಫ್ಯೂಸಿಗೆ ಗೊತ್ತಿರುವುದು ತನ್ನ ಮೈ ಬಿಸಿ ಒಂದೇ. ಎಂಟು ನಿಮಿಷ ಮಲಗಿದರೂ ಹತ್ತೂವರೆ ಆಂಪಿಯರ್, ನಲವತ್ತು ನಿಮಿಷ ಮಲಗಿದರೂ ಹತ್ತೂವರೆ ಆಂಪಿಯರ್. ಫ್ಯೂಸಿಗೆ ಎರಡೂ ಒಂದೇ. ಚರ್ಮ ಹಾಗಲ್ಲ, ಅದು ನಿಮಿಷ ನಿಮಿಷವನ್ನೂ ಕೂಡಿಸುತ್ತಾ ಹೋಗುತ್ತದೆ. ನೇರಳಾತೀತ ಕಿರಣ ಜೀವಕೋಶದ ಡಿಎನ್‌ಎಯನ್ನು ಕೆಡಿಸುವಾಗ ಉರಿಯೂ ಗೊತ್ತಾಗುವುದಿಲ್ಲ, ಉರಿ ಬರುವುದು ತಾಸುಗಟ್ಟಲೆ ಆದಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಹಾಸಿಗೆಗಳನ್ನು ತಂಬಾಕು ಇರುವ ಗುಂಪಿಗೇ ಸೇರಿಸಿತು. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು. ಟೈಮರ್ ಇಡಲಿ, ಕಣ್ಣಿಗೆ ಕನ್ನಡಕ ಹಾಕಲಿ, ಹದಿನೆಂಟರ ಒಳಗಿನವರನ್ನು ಹತ್ತಿರ ಬಿಡದಿರಲಿ. ಮಲಗದೇ ಇದ್ದರೆ ಇನ್ನೂ ಒಳ್ಳೆಯದು ಅಂತ ಹೇಳಿದೆ.

ಕರೆಂಟ್ ಹೊಡೆಯುವಾಗಲೂ ಫ್ಯೂಸ್ ಕೈ ಹಿಡಿಯುವುದಿಲ್ಲ. ಮನುಷ್ಯನ ಎದೆಯ ಮೂಲಕ 30 ಮಿಲಿಆಂಪಿಯರ್‌ಗಿಂತ ಜಾಸ್ತಿ ಹರಿದರೆ ಜೀವಕ್ಕೇ ಅಪಾಯ. 5 ಆಂಪಿಯರ್ ಅಂದರೆ ಅದರ 160 ಪಟ್ಟಿಗೂ ಹೆಚ್ಚು. ಮನುಷ್ಯ ಸತ್ತರೂ ಫ್ಯೂಸಿಗೆ ಸುದ್ದಿ ಮುಟ್ಟುವುದಿಲ್ಲ. ಅದಕ್ಕೆ ಬೇರೆ ಸಾಧನ ಇದೆ, ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ.

ಕಾಕಾನ ಮೋಟರ್ ರಿವೈಂಡಿಂಗ್ ಆಗಿ ಬಂದ ದಿನ ನಾನೂ ಹೊಲಕ್ಕೆ ಹೋಗಿದ್ದೆ. ಹೊಸ ಬೇರಿಂಗ್, ಹೊಸ ರಿಲೇ ಹಾಕಿಸಿದ್ದರು. ಮೂರರಲ್ಲಿ ಒಂದೇ ಫ್ಯೂಸ್ ಹಾರಿದರೆ ಉಳಿದ ಎರಡು ಫೇಸಿನ ಮೇಲೆ ಭಾರ ಬಿದ್ದು ವೈಂಡಿಂಗ್ ಸುಡುತ್ತದೆ, ಅದನ್ನು ತಡೆಯಲು ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಕೂಡ ಕೂಡಿಸಿದೆವು. ಫ್ಯೂಸ್ ತಂತಿ ಕಟ್ಟುವಾಗ ಕಾಕಾ ನನ್ನ ಕಡೆ ನೋಡಿ, "ಒಂದ ಎಳಿ, ಅರ್ಧ ಮಿಲಿಮೀಟರ್, ಹೌದಿಲ್ಲೋ?" ಅಂದರು. ಉಳಿದ ತಂತಿಯ ಸುರುಳಿಯನ್ನು ಡಬ್ಬಿಯ ಒಳಗೇ ಮೊಳೆಗೆ ತೂಗುಹಾಕಿದರು.