ಗುರುತಿಲ್ಲದವರಿಗೆ ಬರೆಯುವ ಇಮೇಲಿನ ‘ವಿಷಯ’ದಲ್ಲಿ ಏನಿರಬೇಕು?

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮದು ಸಣ್ಣ ಕಾಫಿ ತೋಟ. ಈ ಸಲ ಚೆನ್ನಾಗಿ ಮಾಗಿದ ಅರೇಬಿಕಾ ಹಣ್ಣನ್ನು ಮಾತ್ರ ಆರಿಸಿ, ಬೇರೆಯಾಗಿ ಒಣಗಿಸಿ ಎಂಟು ಚೀಲ ಮಾಡಿಟ್ಟಿದ್ದೇವೆ. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಕಾಫಿ ಹುರಿದು ಮಾರುವ ನಲವತ್ತು ಸಂಸ್ಥೆಗಳ ವಿಳಾಸ ಹುಡುಕಿ ಇಮೇಲ್ ಕಳುಹಿಸಿದೆ. ಒಬ್ಬರಿಂದಲೂ ಉತ್ತರ ಬರಲಿಲ್ಲ. ವಿಷಯದ ಸಾಲಿನ ಮುಂದೆ ‘ರಿ:’ ಎಂದು ಸೇರಿಸಿದರೆ ಹಳೆಯ ಪತ್ರಕ್ಕೆ ಬಂದ ಉತ್ತರವೆಂದುಕೊಂಡು ಎಲ್ಲರೂ ತೆರೆಯುತ್ತಾರೆ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಬೇಡವೆಂದರೆ ಏನು ಬರೆಯಲಿ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜವಿದೆ, ತೆರೆಯುತ್ತಾರೆ. ತೆರೆದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಆ ಬದಿಯಲ್ಲಿ ಕುಳಿತು ನೋಡಿದ್ದೇನೆ.

ಕೆಲವು ವರ್ಷ ಒಂದು ಸಣ್ಣ ಕಾಫಿ ಹುರಿಯುವ ಘಟಕದಲ್ಲಿ ಖರೀದಿಯ ಪತ್ರವ್ಯವಹಾರ ನನ್ನ ಪಾಲಿಗಿತ್ತು. ಒಂದು ಬೆಳಿಗ್ಗೆ ‘ರಿ: ಕಳೆದ ವಾರದ ಮಾದರಿ’ ಎಂಬ ಇಮೇಲ್ ಬಂದಿತ್ತು. ಯಾವುದೋ ಬೆಳೆಗಾರರ ಮಾದರಿಯನ್ನು ಮರೆತುಬಿಟ್ಟೆನೇ ಎಂದು ಗಾಬರಿಯಾಯಿತು. ಅದನ್ನು ತೆರೆಯುವ ಮೊದಲು ಹಳೆಯ ಪತ್ರಗಳನ್ನೆಲ್ಲ ಜಾಲಾಡಿದೆ, ಮಾದರಿಗಳ ಕಪಾಟನ್ನೂ ನೋಡಿ ಬಂದೆ. ಕೊನೆಗೆ ತೆರೆದರೆ ಪ್ಯಾಕಿಂಗ್ ಚೀಲ ಮಾರುವವರ ಜಾಹೀರಾತು! ನಮಗೆ ಆಗ ಅಂಥ ಚೀಲಗಳು ಬೇಕಾಗಿಯೂ ಇದ್ದವು. ಆದರೆ ಅವರಿಂದ ಕೊಳ್ಳಲು ಮನಸ್ಸು ಬರಲಿಲ್ಲ. ಮೊದಲ ಸಾಲಿನಲ್ಲೇ ಸುಳ್ಳು ಹೇಳಿದವರು ಚೀಲದ ದಪ್ಪದ ಬಗ್ಗೆ ನಿಜ ಹೇಳುತ್ತಾರೆಂದು ಹೇಗೆ ನಂಬುವುದು?

‘ರಿ’ ಎಂಬುದು ಲ್ಯಾಟಿನ್ ಭಾಷೆಯ ‘ಇನ್ ರೇ’ ಎಂಬುದರ ಸಂಕ್ಷೇಪ, ‘ಈ ವಿಷಯವಾಗಿ’ ಎಂದು ಅರ್ಥ. ಹಾಗಾಗಿ ಯಾರು ಬೇಕಾದರೂ ಬಳಸಬಹುದು ಎಂದು ವಾದಿಸುವವರಿದ್ದಾರೆ. ಮೂಲ ಅರ್ಥ ಅದೇ ಸರಿ. ಆದರೆ ಇಮೇಲ್ ಹೇಗಿರಬೇಕೆಂದು ಹೇಳುವ 2008ರ ಆರ್‌ಎಫ್‌ಸಿ 5322 ಎಂಬ ತಾಂತ್ರಿಕ ದಾಖಲೆ ಅದನ್ನು ಪ್ರಸ್ತಾಪಿಸುವುದು ಉತ್ತರವಾಗಿ ಬರೆಯುವ ಪತ್ರದ ಸಂದರ್ಭದಲ್ಲಿಯೇ. ನಮ್ಮ ಕಚೇರಿ ಪತ್ರಗಳ ಭಾಷೆಯಲ್ಲಿ ಹೇಳುವುದಾದರೆ ಅದು ‘ಉಲ್ಲೇಖ’. ಬರೆಯದೇ ಇದ್ದ ಪತ್ರವೊಂದರ ಸಂಖ್ಯೆ, ದಿನಾಂಕವನ್ನು ಸೃಷ್ಟಿಸಿ ಉಲ್ಲೇಖದಲ್ಲಿ ನಮೂದಿಸಿದರೆ ಅದನ್ನು ಏನೆನ್ನುತ್ತೇವೆ? ಇದೂ ಅದೇ.

ಕಾನೂನಿನ ಮಾತೂ ಇದೆ, ಹೊರದೇಶಕ್ಕೆ ಬರೆಯುತ್ತಿರುವುದರಿಂದ ತಿಳಿದಿರಲಿ. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ 2004ರ ಜನವರಿ 1ರಿಂದ ಜಾರಿಯಲ್ಲಿದೆ. ಒಳಗಿರುವುದರ ಬಗ್ಗೆ ತಪ್ಪು ಕಲ್ಪನೆ ಕೊಡುವ ವಿಷಯದ ಸಾಲನ್ನು ಅದು ನಿಷೇಧಿಸುತ್ತದೆ. ವ್ಯಾಪಾರಿಯೊಬ್ಬರು ಇನ್ನೊಬ್ಬ ವ್ಯಾಪಾರಿಗೆ ಬರೆಯುವ ಪತ್ರಕ್ಕೂ ಅದು ಅನ್ವಯ. ನಿಮ್ಮ ಅಂಚೆ ವಿಳಾಸ ಇರಬೇಕು, ‘ಇನ್ನು ಬರೆಯಬೇಡಿ’ ಎಂದವರನ್ನು 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೆಯಬೇಕು. ಜರ್ಮನಿ ಇನ್ನೂ ಬಿಗಿ: ಮುಂಚಿತವಾಗಿ ಸ್ಪಷ್ಟ ಒಪ್ಪಿಗೆ ಪಡೆಯದೆ ಸಂಸ್ಥೆಗಳಿಗೂ ಜಾಹೀರಾತಿನ ಇಮೇಲ್ ಕಳುಹಿಸುವಂತಿಲ್ಲ. ಅಲ್ಲಿನವರನ್ನು ಕಾಫಿ ಮೇಳಗಳಲ್ಲಿ ಭೇಟಿಯಾಗುವುದು, ಇಲ್ಲವೇ ‘ಬೆಳೆಗಾರರು ಇಲ್ಲಿ ಬರೆಯಿರಿ’ ಎಂದು ಅವರೇ ಕೇಳಿರುವ ಕಡೆ ಬರೆಯುವುದು ಲೇಸು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರಲ್ಲಿ ತಂದ ನಿಯಮಾವಳಿ ವಾಣಿಜ್ಯ ಕರೆ, ಎಸ್‌ಎಂಎಸ್‌ಗಳಿಗೆ ಸಂಬಂಧಿಸಿದ್ದು. ಇಮೇಲ್ ಅದರ ವ್ಯಾಪ್ತಿಯಲ್ಲಿಲ್ಲ. ಹಾಗೆಂದು ಬೆಂಗಳೂರಿನವರಿಗೆ ಸುಳ್ಳು ಬರೆಯಬಹುದೆಂದು ಅರ್ಥವಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನನಗೆ ಅದೇ ಮುಖ್ಯ.

ನೀವು ಕಳುಹಿಸಿದ ಪತ್ರದ ಸಾಲು ಏನಿತ್ತೆಂದು ಬರೆದಿಲ್ಲ. ತೋಟದವರಿಂದ ಬರುತ್ತಿದ್ದ ಪತ್ರಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ‘ಭಾರತದ ಅತ್ಯುತ್ತಮ ಕಾಫಿ’, ‘ವ್ಯವಹಾರದ ಪ್ರಸ್ತಾವ’, ‘ವಿಶೇಷ ಅವಕಾಶ’ ಎಂಬಂಥವು. ಇದಕ್ಕೆ ಬೆಳೆಗಾರರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ದಶಕಗಳ ಕಾಲ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸುವ ದಾಸ್ತಾನಿಗೆ, ಒಪ್ಪಿಸಬೇಕಿತ್ತು, ಮಾರುವ ಹೊಣೆ ಮಂಡಳಿಯದು. ಬೆಳೆದದ್ದನ್ನೆಲ್ಲ ತಾವೇ ಮಾರುವ ಸ್ವಾತಂತ್ರ್ಯ ಪೂರ್ತಿಯಾಗಿ ಸಿಕ್ಕಿದ್ದು 1996ರಲ್ಲಿ. ಗುರುತಿಲ್ಲದ ಕೊಳ್ಳುವವರಿಗೆ ತಮ್ಮ ಕಾಫಿಯನ್ನು ಪರಿಚಯಿಸಿ ಬರೆಯುವ ರೂಢಿ ಹಿರಿಯರಿಂದ ಬಂದದ್ದಲ್ಲ. ಆದ್ದರಿಂದ ಕೈಗೆ ಸಿಕ್ಕುವುದು ಜಾಹೀರಾತಿನ ಭಾಷೆ.

ಆದರೆ ವಿಷಯದ ಸಾಲನ್ನು ಬರೆಯುವುದು ನಮಗೆಲ್ಲ ಗೊತ್ತು, ಶಾಲೆಯಲ್ಲೇ ಕಲಿತಿದ್ದೇವೆ. ‘ವಿಷಯ: ಎರಡು ದಿನಗಳ ರಜೆ ಕೋರಿ.’ ಏನು ಬೇಕು ಎಂಬುದು ಅದರಲ್ಲಿದೆ, ಎಷ್ಟು ಎಂಬುದೂ ಇದೆ. ಮೇಷ್ಟರು ಉಳಿದದ್ದನ್ನು ಓದುವ ಮೊದಲೇ ಹೂಂ ಅನ್ನಬಹುದು, ಊಹೂಂ ಅನ್ನಬಹುದು. ‘ತಮ್ಮ ಬದುಕನ್ನೇ ಬದಲಿಸುವ ಒಂದು ಮನವಿ’ ಎಂದು ಯಾವ ಹುಡುಗನೂ ರಜಾ ಚೀಟಿ ಬರೆಯಲಿಲ್ಲ. ಆ ಸರಳ ಸಾಲನ್ನೇ ನಿಮ್ಮ ಕಾಫಿಗೆ ಹೊಂದಿಸೋಣ.

ಮೊದಲು ಎಷ್ಟು ಇದೆ ಎಂಬುದು. ‘ಎಂಟು ಚೀಲ’ ಎಂದಿದ್ದೀರಿ. ಚಿಕ್ಕಮಗಳೂರಿನ ಪೇಟೆಯಲ್ಲಿ ದರ ಹೇಳುವುದು 50 ಕೆಜಿ ಚೀಲಕ್ಕೆ. ಹೊರದೇಶದ ಕೊಳ್ಳುವವರ ಲೆಕ್ಕದಲ್ಲಿ ಚೀಲವೆಂದರೆ 60 ಕೆಜಿ. ಜತೆಗೆ ನಿಮ್ಮ ಚೀಲದಲ್ಲಿರುವುದು ಸಿಪ್ಪೆಯೊಂದಿಗೆ ಒಣಗಿದ ಹಣ್ಣೋ, ಕ್ಯೂರಿಂಗ್ ಆಗಿ, ಅಂದರೆ ಸಿಪ್ಪೆ ತೆಗೆದು ಹಸನಾಗಿ ಬಂದ ಬೀಜವೋ? ಸಿಪ್ಪೆ ತೆಗೆದರೆ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ. 50 ಕೆಜಿಯ ಎಂಟು ಚೀಲ ಒಣ ಹಣ್ಣೆಂದರೆ ಕೊಳ್ಳುವವರ ಕೈಗೆ ಹೋಗುವ ಬೀಜ ಸುಮಾರು 200 ಕೆಜಿ. ಅವರು 480 ಕೆಜಿ ಎಂದುಕೊಂಡು ಉತ್ತರ ಬರೆದರೆ ಮಾತುಕತೆ ಮೊದಲ ದಿನವೇ ಮುರಿಯುತ್ತದೆ. ಆದ್ದರಿಂದ ಸಾಲಿನಲ್ಲಿ ಚೀಲ ಬೇಡ, ಬೀಜದ ತೂಕ ಕೆಜಿಯಲ್ಲಿರಲಿ. 200 ಕೆಜಿ ಎಂದು ಹೇಳಿಕೊಳ್ಳಲು ಸಂಕೋಚ ಬೇಡ. ಕಂಟೇನರ್ ತುಂಬಾ ಬೇಕೆನ್ನುವವರು ಸಾಲು ನೋಡಿಯೇ ಬಿಡುತ್ತಾರೆ. ಸಣ್ಣ ಹುರಿಯುವವರಿಗೆ ಆ ಸಂಖ್ಯೆಯೇ ಆಕರ್ಷಣೆ.

ಮುಂದಿನದು ಹೆಸರು, ಇಲ್ಲಿ ತುಸು ನಿಲ್ಲಬೇಕು. ನಮ್ಮ ಪೇಟೆಯಲ್ಲಿ ಹಾಗೆಯೇ ಒಣಗಿಸಿದ ಹಣ್ಣಿಗೆ ‘ಅರೇಬಿಕಾ ಚೆರಿ’ ಎನ್ನುತ್ತಾರೆ. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ‘ಪಾರ್ಚ್‌ಮೆಂಟ್’ಗಿಂತ ಕಡಿಮೆ ದರದ ಮಾಲು. ಅದೇ ರೀತಿ ಒಣಗಿಸಿದ್ದಕ್ಕೆ ಹೊಸ ತಲೆಮಾರಿನ ಹುರಿಯುವವರು ‘ನ್ಯಾಚುರಲ್’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಮಾಗಿದ ಹಣ್ಣನ್ನೇ ಕೊಯ್ದು, ತೆಳುವಾಗಿ ಹರಡಿ, ದಿನಕ್ಕೆ ಹಲವು ಸಲ ತಿರುವಿ, ವಾರಗಟ್ಟಲೆ ಕಾದು ಒಣಗಿಸಿದ ಕಾಫಿ. ನೀವು ಮಾಡಿರುವುದು ಇದೇ ಆದ್ದರಿಂದ ‘ನ್ಯಾಚುರಲ್’ ಎಂದು ಬರೆಯಲು ನಿಮಗೆ ಪೂರ್ತಿ ಹಕ್ಕಿದೆ. ‘ಚೆರಿ’ ಎಂದು ಬರೆದರೆ ನಿಮ್ಮ ಶ್ರಮವನ್ನು ನೀವೇ ಇಳಿಸಿದಂತೆ. ಕಣದ ಮೂಲೆಯಲ್ಲಿ ಕಾಯಿ, ಹಣ್ಣು, ಉದುರಿದ್ದು ಎಲ್ಲ ಸೇರಿಸಿ ಒಣಗಿಸಿದ್ದಕ್ಕೆ ‘ನ್ಯಾಚುರಲ್’ ಎಂದು ಹೆಸರಿಟ್ಟರೆ ಮಾದರಿ ಹುರಿದ ದಿನವೇ ಬಣ್ಣ ಬಯಲಾಗುತ್ತದೆ.

ಇದೇ ಎಚ್ಚರ ಇನ್ನೆರಡು ಪದಗಳಿಗೂ ಬೇಕು. ‘ಸ್ಪೆಷಾಲಿಟಿ’ ಎಂದರೆ ಈ ವ್ಯವಹಾರದಲ್ಲಿ ಬರೀ ಹೊಗಳಿಕೆಯಲ್ಲ, 100 ಅಂಕಗಳ ರುಚಿ ಪರೀಕ್ಷೆಯಲ್ಲಿ 80 ಅಥವಾ ಹೆಚ್ಚು ಬಂದಿದೆ ಎಂದು ಅರ್ಥ. ತರಬೇತಿ ಪಡೆದವರು ರುಚಿ ನೋಡಿ ಅಂಕ ಕೊಟ್ಟಿದ್ದರೆ ಧಾರಾಳವಾಗಿ ಬರೆಯಿರಿ, ಯಾರು ಯಾವಾಗ ಕೊಟ್ಟರೆಂದು ಪತ್ರದೊಳಗೆ ತಿಳಿಸಿ. ಇಲ್ಲವಾದರೆ ಬೇಡ. ‘ಸಾವಯವ’ ಎಂಬುದೂ ಪ್ರಮಾಣಪತ್ರ ಕೈಯಲ್ಲಿದ್ದರೆ ಮಾತ್ರ; ಕೀಟನಾಶಕ ಹೊಡೆದಿಲ್ಲ ಎಂಬ ನಿಜವನ್ನು ಪತ್ರದೊಳಗೆ ಹಾಗೆಯೇ ಹೇಳಬಹುದು.

ಕೊನೆಗೆ ನಿಮಗೇನು ಬೇಕು ಎಂಬುದು. ‘ವ್ಯವಹಾರ’ ಎಂದರೆ ಓದುವವರಿಗೆ ಭಾರ. ನೀವು ಈಗ ಕೇಳುತ್ತಿರುವುದು ಮಾದರಿ ಕಳುಹಿಸಲು ಅನುಮತಿ, ಅಷ್ಟೇ. ಅದನ್ನೇ ಕೇಳಿ. ನಿಮ್ಮ ತಳಿ ಸೆಲೆಕ್ಷನ್ 9 ಎಂದಿಟ್ಟುಕೊಂಡರೆ ಸಾಲು ಹೀಗಾಗುತ್ತದೆ:

ಮೂಡಿಗೆರೆ ಸೆಲೆಕ್ಷನ್ 9 ನ್ಯಾಚುರಲ್, 200 ಕೆಜಿ: ಮಾದರಿ ಕಳುಹಿಸಲೇ?

ಇದರಲ್ಲಿ ಒಂದೇ ಒಂದು ವಿಶೇಷಣವಿಲ್ಲ, ಆದರೂ ಖರೀದಿಯ ಮೇಜಿನಲ್ಲಿ ಕುಳಿತವರ ಕೈ ಅಲ್ಲಿ ನಿಲ್ಲುತ್ತದೆ. ಬೆಂಗಳೂರಿನವರಿಗೆ ಕನ್ನಡದಲ್ಲೇ ಕಳುಹಿಸಬಹುದು. ಕನ್ನಡ ಓದುವವರೆಂದು ಗೊತ್ತಿದ್ದೂ ಇಂಗ್ಲಿಷಿನಲ್ಲಿ ತಡಕಾಡುವುದು ಏಕೆ? ಹೊರದೇಶದವರಿಗೆ ಇದನ್ನೇ ಇಂಗ್ಲಿಷಿನಲ್ಲಿ ಬರೆಯುವಾಗ ಮೂಡಿಗೆರೆಯ ಜಾಗದಲ್ಲಿ ‘ಇಂಡಿಯಾ’ ಎಂದಿರಲಿ. ಓಸ್ಲೋದಲ್ಲಿರುವವರಿಗೆ ಮೂಡಿಗೆರೆಯ ಪರಿಚಯ ಪತ್ರದೊಳಗೆ ಆಗಲಿ. ಮೊಬೈಲಿನ ಪರದೆಯಲ್ಲಿ ಸಾಲಿನ ಬಾಲ ಕತ್ತರಿಸಿಹೋಗುತ್ತದೆ. ಇಂಗ್ಲಿಷಾದರೆ ಸುಮಾರು ನಲವತ್ತು ಅಕ್ಷರ ಕಾಣಬಹುದು, ನಮ್ಮ ಅಗಲದ ಅಕ್ಷರಗಳಾದರೆ ಇನ್ನೂ ಕಡಿಮೆ. ಹಾಗಾಗಿ ಊರು, ತಳಿ ಮೊದಲು, ಕೇಳಿಕೆ ಕೊನೆಗೆ. ನಿಮ್ಮ ಫೋನಿಗೇ ಒಂದು ಕಳುಹಿಸಿ ನೋಡಿ.

ನಿಮ್ಮನ್ನು ಅವರ ಬಳಿಗೆ ಯಾರಾದರೂ ನಿಜವಾಗಿ ಕಳುಹಿಸಿದ್ದರೆ ಆ ಹೆಸರಿಗಿಂತ ಬಲವಾದದ್ದು ಇನ್ನೊಂದಿಲ್ಲ. ಕ್ಯೂರಿಂಗ್ ವರ್ಕ್ಸ್‌ನವರು ‘ಅವರಿಗೊಮ್ಮೆ ಬರೆದು ನೋಡಿ’ ಎಂದಿದ್ದರೆ, ಹೆಸರು ಹಾಕಲೇ ಎಂದು ಕೇಳಿ, ಒಪ್ಪಿದ ಮೇಲೆ ಅದನ್ನೇ ಸಾಲಿನ ಮೊದಲಿಗೆ ತನ್ನಿ. ಆಶ್ಚರ್ಯಸೂಚಕ ಚಿಹ್ನೆ, ‘ತುರ್ತು’, ‘ಕೊನೆಯ ಅವಕಾಶ’ ಇವು ಯಾವುದೂ ಬೇಡ.

ಎಷ್ಟು ಮಂದಿ ತೆರೆದರು ಎಂದು ಎಣಿಸಿ ತೋರಿಸುವ ತಂತ್ರಾಂಶಕ್ಕೆ ಹಣ ಕೊಡಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್‌ನಲ್ಲಿ ತಂದ ಖಾಸಗಿತನದ ವ್ಯವಸ್ಥೆಯಿಂದ, ಓದುಗರು ತೆರೆಯದಿದ್ದರೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ನೀವು ಎಣಿಸಬೇಕಾದದ್ದು ಉತ್ತರಗಳನ್ನು. ‘ಬೇಡ’ ಎಂಬ ಉತ್ತರವನ್ನೂ ಬರೆದಿಟ್ಟುಕೊಳ್ಳಿ, ಅದು ಮುಂದಿನ ಬೆಳೆಗೆ ವಿಳಾಸ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು: ಮೋಸ ಹೋದೆ ಎನಿಸಿದವರು ‘ಸ್ಪ್ಯಾಮ್’ ಗುಂಡಿ ಒತ್ತುತ್ತಾರೆ. ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರ ವಿರುದ್ಧದ ಇಂಥ ದೂರುಗಳು ಶೇ 0.3ನ್ನು, ಅಂದರೆ ಸಾವಿರಕ್ಕೆ ಮೂರನ್ನು ಮುಟ್ಟಬಾರದೆಂದು 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಮಾಡಿದೆ. ನಿಮ್ಮ ನಲವತ್ತು ಪತ್ರಗಳಿಗೆ ಆ ಲೆಕ್ಕ ಹಾಕಬೇಕಾಗಿಲ್ಲ, ಆದರೆ ಎಷ್ಟು ಸಣ್ಣ ಸಂಖ್ಯೆಗೆ ಅವರು ಕಿವಿಗೊಡುತ್ತಾರೆ ನೋಡಿ.

ನಲವತ್ತಕ್ಕೂ ಒಟ್ಟಿಗೆ ಕಳುಹಿಸಬೇಡಿ. ಸಣ್ಣ ಪ್ರಮಾಣದಲ್ಲಿ ಕೊಳ್ಳುವ ಐವರನ್ನು ಆರಿಸಿ, ಅವರು ಈಗ ಯಾವ ತೋಟಗಳ ಕಾಫಿ ಮಾರುತ್ತಿದ್ದಾರೆ ಎಂದು ನೋಡಿ, ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಬರೆಯಿರಿ. ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಅದನ್ನು ನಿಮ್ಮ ಮೊದಲ ಪತ್ರದ ಮುಂದುವರಿಕೆಯಾಗಿಯೇ ಕಳುಹಿಸುವುದರಿಂದ ಆಗ ‘ರಿ:’ ತಾನಾಗಿ ಬರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ಮಾರಾಟ ಶುರುವಾದ ಮೇಲೆ ಒಂದು ಕೆಲಸ ಮರೆಯಬೇಡಿ. ಯಾರೋ 120 ಕೆಜಿ ಕೊಂಡರೆ, ಆರನೆಯವರಿಗೆ ಬರೆಯುವ ಮುನ್ನ ಸಾಲಿನಲ್ಲಿರುವ 200 ಅನ್ನು ಅಳಿಸಿ 80 ಎಂದು ಬರೆಯಿರಿ.