ಐವತ್ತರ ಲೆನ್ಸ್ ಎಪ್ಪತ್ತೈದು ಆಗುವುದಿಲ್ಲ

ಪ್ರಶ್ನೆ: ಮಾಷ್ಟ್ರೇ, ಆರು ವರ್ಷ ಕ್ರಾಪ್ ಸೆನ್ಸರಿನ, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಮದುವೆ, ಉಪನಯನ, ಬಯಲಾಟಗಳ ಫೋಟೋ ತೆಗೆದು ಈಗ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಕೊಂಡಿದ್ದೇನೆ. ಲೆನ್ಸ್ ಮಾತ್ರ ಹಳೆಯದೇ, 50 ಎಂಎಂ 1.8. ಹಳೆಯ ಕ್ಯಾಮೆರಾದಲ್ಲಿ ಅದು 75 ಎಂಎಂ ಆಗಿತ್ತು, ಈಗ ನಿಜವಾದ 50 ಆಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮುಖಗಳು ಮೊದಲಿನಷ್ಟು ಚೆನ್ನಾಗಿ ಬರುತ್ತಿಲ್ಲ. ಮೂಗು ದಪ್ಪ ಕಾಣುತ್ತದೆ, ಒಂದು ಕಣ್ಣು ಸ್ಪಷ್ಟವಾದರೆ ಇನ್ನೊಂದು ಮಸುಕಾಗುತ್ತದೆ, ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಕ್ಯಾಮೆರಾದಲ್ಲಿ ದೋಷವಿದೆಯೇ? (ಬದಿಯಡ್ಕದ ಸಮೀಪದ ಓದುಗರೊಬ್ಬರು)

ಉತ್ತರ: ಕ್ಯಾಮೆರಾದಲ್ಲಿ ದೋಷವಿಲ್ಲ, ಲೆನ್ಸಿನಲ್ಲಿಯೂ ಇಲ್ಲ. ನೀವು ನಿಲ್ಲುವ ಜಾಗ ಬದಲಾಗಿದೆ. ಉತ್ತರ ಇಷ್ಟೇ ಆದರೂ ಅದು ಮನಸ್ಸಿಗೆ ಇಳಿಯದಂತೆ ತಡೆಯುವುದು ನಿಮ್ಮ ಪತ್ರದ ನಡುವೆ ಇರುವ ಒಂದು ವಾಕ್ಯ, ಅಂದರೆ ಐವತ್ತರ ಲೆನ್ಸ್ ಹಳೆಯ ಕ್ಯಾಮೆರಾದಲ್ಲಿ ಎಪ್ಪತ್ತೈದು ಆಗಿತ್ತು ಎಂಬ ಮಾತು. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬಯಲಾಟದ ಚೌಕಿಯ ಬಾಗಿಲಲ್ಲಿ, ಶಾಲಾ ವಾರ್ಷಿಕೋತ್ಸವದ ವೇದಿಕೆಯ ಬುಡದಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕೇಳಿದಾಗಲೆಲ್ಲ ತಿದ್ದಿದ್ದೇನೆ, ಮುಂದಿನ ಜಾತ್ರೆಯ ಹೊತ್ತಿಗೆ ಅದೇ ಮಾತು ಇನ್ನೊಬ್ಬರ ಬಾಯಲ್ಲಿ ತಿರುಗಿ ಬಂದಿರುತ್ತದೆ. ಬಾಯಲ್ಲಿ ಹೇಳಿ ದಣಿದದ್ದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಒಮ್ಮೆ ನಿಧಾನವಾಗಿ ಓದಿ.

ಲೆನ್ಸಿನ ಮೇಲೆ ಬರೆದಿರುವ 50 ಎಂಎಂ ಎಂಬುದು ಅದರ ಸಂಗಮದೂರ. ಚಿಕ್ಕಂದಿನಲ್ಲಿ ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದ ಸುಟ್ಟ ನೆನಪು ಎಲ್ಲರಿಗೂ ಇರುತ್ತದೆ. ಕನ್ನಡಿಯನ್ನು ಮೇಲೆ ಕೆಳಗೆ ಆಡಿಸಿ, ಬೆಳಕು ಒಂದು ಚುಕ್ಕೆಯಾಗಿ ಕೂಡುವ ಎತ್ತರ ಸಿಕ್ಕಿದಾಗ ಕೈಯನ್ನು ಅಲ್ಲಿಯೇ ನಿಲ್ಲಿಸುತ್ತಿದ್ದೆವು. ಆ ಎತ್ತರವನ್ನು ತೀರ್ಮಾನಿಸುವುದು ಗಾಜಿನ ಬಾಗು ಮಾತ್ರ. ಕೆಳಗೆ ಇಟ್ಟಿರುವುದು ಇಡೀ ಪತ್ರಿಕೆಯ ಹಾಳೆಯೋ ಬಸ್ಸಿನ ಟಿಕೆಟಿನ ಚೂರೋ ಎಂಬುದನ್ನು ನೋಡಿ ಆ ದೂರ ಹೆಚ್ಚು ಕಡಿಮೆ ಆಗುವುದಿಲ್ಲ. ಕ್ಯಾಮೆರಾದ ಸೆನ್ಸರ್ ಎಂಬುದು ಆ ಕೆಳಗಿನ ಹಾಳೆ. ಫುಲ್ ಫ್ರೇಮಿನಲ್ಲಿ ಅದರ ಅಳತೆ 36 × 24 ಮಿಲಿಮೀಟರ್, ನಿಮ್ಮ ಹಳೆಯ ಕ್ಯಾಮೆರಾದಲ್ಲಿ ಸುಮಾರು 23.5 × 15.6 ಮಿಲಿಮೀಟರ್. ಲೆನ್ಸ್ ತನ್ನ ಹಿಂಬದಿಗೆ ಒಂದು ದುಂಡಗಿನ ಚಿತ್ರವನ್ನು ಚೆಲ್ಲುತ್ತದೆ. ದೊಡ್ಡ ಹಾಳೆ ಅದರ ಹೆಚ್ಚು ಭಾಗವನ್ನು ಹಿಡಿಯುತ್ತದೆ, ಚಿಕ್ಕ ಹಾಳೆ ನಡುವಿನ ಭಾಗವನ್ನಷ್ಟೇ ಹಿಡಿಯುತ್ತದೆ. ತನ್ನ ಹಿಂದೆ ಯಾವ ಹಾಳೆ ಕೂತಿದೆ ಎಂಬುದು ಲೆನ್ಸಿಗೆ ತಿಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಎದುರಿನವರ ಮುಖದಲ್ಲಿ ಒಪ್ಪಿಗೆ ಮೂಡದಿದ್ದಾಗ ನಾನು ಎರಡು ಪ್ರಿಂಟುಗಳನ್ನು ಚೀಲದಿಂದ ತೆಗೆಯುತ್ತೇನೆ. ಬೇಕಲ ಕೋಟೆಯ ನಡುವೆ ಎತ್ತರದ ವೀಕ್ಷಣಾ ಬುರುಜು ಇದೆಯಲ್ಲ, ಅದರಿಂದ ಸಾಕಷ್ಟು ದೂರದಲ್ಲಿ ಒಂದು ಕೆಂಪು ಮುರಕಲ್ಲಿನ ಮೇಲೆ ಟ್ರೈಪಾಡ್ ಊರಿ, ಒಂದೇ 50 ಎಂಎಂ ಲೆನ್ಸನ್ನು ಮೊದಲು ಫುಲ್ ಫ್ರೇಮ್ ಕ್ಯಾಮೆರಾಕ್ಕೆ, ಆಮೇಲೆ ಕ್ರಾಪ್ ಕ್ಯಾಮೆರಾಕ್ಕೆ ಹಾಕಿ ತೆಗೆದ ಎರಡು ಚಿತ್ರಗಳು ಅವು. ಟ್ರೈಪಾಡಿನ ಕಾಲನ್ನು ಅಲುಗಿಸಿರಲಿಲ್ಲ. ಫುಲ್ ಫ್ರೇಮಿನ ಚಿತ್ರವನ್ನು 6 × 9 ಇಂಚಿನಲ್ಲಿ, ಕ್ರಾಪ್ ಕ್ಯಾಮೆರಾದ ಚಿತ್ರವನ್ನು 4 × 6 ಇಂಚಿನಲ್ಲಿ ಪ್ರಿಂಟ್ ಹಾಕಿಸಿದೆ. ಚಿಕ್ಕ ಪ್ರಿಂಟನ್ನು ದೊಡ್ಡದರ ನಡುವೆ ಇಟ್ಟು ನಿಧಾನವಾಗಿ ಸರಿಸಿದರೆ, ಒಂದು ಜಾಗದಲ್ಲಿ ಬುರುಜಿನ ಅಂಚು ಬುರುಜಿನ ಅಂಚಿಗೆ, ಅದರ ಹಿಂದಿನ ತೆಂಗಿನ ಗರಿ ತೆಂಗಿನ ಗರಿಗೆ ಕೂಡಿಕೊಂಡು, ಮೇಲೆ ಇನ್ನೊಂದು ಕಾಗದ ಇದೆಯೆಂಬುದು ಅದರ ಬಿಳಿ ಅಂಚಿನಿಂದ ಮಾತ್ರ ತಿಳಿಯುವಂತಾಗುತ್ತದೆ. ಚಿಕ್ಕ ಸೆನ್ಸರ್ ನಿಜವಾಗಿಯೂ ಲೆನ್ಸನ್ನು 75 ಎಂಎಂ ಮಾಡಿದ್ದರೆ ಅದು ಮೂಡಿಸುವ ಬುರುಜು ಒಂದೂವರೆ ಪಾಲು ದೊಡ್ಡದಾಗಿ, ಈ ಎರಡು ಪ್ರಿಂಟುಗಳು ಎಲ್ಲಿಯೂ ಕೂಡಿಕೊಳ್ಳುತ್ತಿರಲಿಲ್ಲ. ಕತ್ತರಿ ಹಿಡಿದು ದೊಡ್ಡ ಪ್ರಿಂಟಿನ ನಾಲ್ಕು ಅಂಚುಗಳನ್ನು ಕತ್ತರಿಸಿದರೂ ಇದೇ ಚಿತ್ರ ಸಿಗುತ್ತದೆ. ಕ್ರಾಪ್ ಎಂಬ ಶಬ್ದದ ಅರ್ಥವೂ ಅದೇ, ಕತ್ತರಿಸುವುದು.

ಮೂರನೆಯ ಪ್ರಿಂಟ್ ಒಂದಿದೆ, ನಿಮ್ಮ ಪ್ರಶ್ನೆಗೆ ಅದು ಇನ್ನೂ ಮುಖ್ಯ. ಫುಲ್ ಫ್ರೇಮಿನಲ್ಲಿ ಬುರುಜು ಚಿಕ್ಕದಾಗಿ ಕಂಡದ್ದರಿಂದ, ಕ್ರಾಪ್ ಕ್ಯಾಮೆರಾದಲ್ಲಿ ಕಂಡಷ್ಟೇ ಚೌಕಟ್ಟು ತುಂಬಲಿ ಎಂದು ನಾನು ಟ್ರೈಪಾಡ್ ಎತ್ತಿಕೊಂಡು ಮುಂದಕ್ಕೆ ನಡೆದೆ. ಬುರುಜು ತುಂಬಿತು, ಆದರೆ ಅದರ ಎದುರಿಗೆ ಹಿಂದಿನ ತೆಂಗಿನ ಮರಗಳು ಕುಗ್ಗಿ ಹೋದವು. ಲೆನ್ಸ್ ಅದೇ, ಕ್ಯಾಮೆರಾವೂ ಅದೇ, ಬದಲಾದದ್ದು ನನ್ನ ಕಾಲು ಮಾತ್ರ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳನ್ನು ನೆನಪಿಟ್ಟವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹತ್ತಿರದ ವಸ್ತು ಮತ್ತು ದೂರದ ವಸ್ತು ಚಿತ್ರದಲ್ಲಿ ಯಾವ ಪ್ರಮಾಣದಲ್ಲಿ ಕಾಣುತ್ತವೆ ಎಂಬುದು ನಾವು ನಿಂತ ಜಾಗದಿಂದ ತೀರ್ಮಾನವಾಗುತ್ತದೆ, ಲೆನ್ಸಿನ ಅಂಕಿಯಿಂದಲೂ ಸೆನ್ಸರಿನ ಅಳತೆಯಿಂದಲೂ ಅಲ್ಲ. ನನ್ನ ಗಣಿತದ ಮಕ್ಕಳಲ್ಲಿ ಒಬ್ಬಳು ಈ ಮೂರು ಪ್ರಿಂಟುಗಳನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ ಎರಡು ತ್ರಿಭುಜಗಳನ್ನು ಹಲಗೆಯ ಮೇಲೆ ಬರೆದು ಇದನ್ನು ಸಾಧಿಸಿ ತೋರಿಸಿದಳು. ಅಂದಿನ ತರಗತಿಯನ್ನು ನೆನೆದರೆ ಈಗಲೂ ನನಗೆ ಸಂತೋಷವಾಗುತ್ತದೆ.

ಹಾಗಾದರೆ ಎಪ್ಪತ್ತೈದು ಎಂಬ ಅಂಕಿ ಎಲ್ಲಿಂದ ಬಂತು? ಅದು ಸುಳ್ಳಲ್ಲ, ಕೇಳುಗರನ್ನು ಕಳೆದುಕೊಂಡ ಒಂದು ಮಾತು. ಜರ್ಮನಿಯ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್ ಸಿನಿಮಾದ 35 ಎಂಎಂ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಚೌಕಟ್ಟಿನ ಎರಡರಷ್ಟು, ಅಂದರೆ 24 × 36 ಮಿಲಿಮೀಟರಿನ ಚೌಕಟ್ಟು ಮಾಡಿದರು. ಅದೇ 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಲೋಕದ ಹೆಚ್ಚಿನ ಛಾಯಾಗ್ರಾಹಕರು ಆ ಚೌಕಟ್ಟಿನಲ್ಲಿಯೇ ಕಣ್ಣು ಪಳಗಿಸಿಕೊಂಡರು, ಐವತ್ತು ಎಂದರೆ ಎಷ್ಟು ಅಗಲ ಕಾಣುತ್ತದೆ ಎಂಬುದು ಅವರಿಗೆ ಅಭ್ಯಾಸವಾಯಿತು. 1999ರಲ್ಲಿ ನಿಕಾನ್ ಡಿ1 ಬಂದಾಗ ಅದರ ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾಗಿತ್ತು. ತಮ್ಮ ಹಳೆಯ ಲೆನ್ಸುಗಳನ್ನೇ ಅದಕ್ಕೆ ಹಾಕಿದವರಿಗೆ ನೋಟ ಕಿರಿದಾಗಿ ಕಂಡು ಗಲಿಬಿಲಿಯಾಯಿತು. ಅವರಿಗೆಂದೇ ಹೇಳಿದ ಮಾತು ಅದು: "ಈ ಕ್ಯಾಮೆರಾದಲ್ಲಿ ಐವತ್ತನ್ನು ಹಾಕಿದರೆ, ನಿಮ್ಮ ಫಿಲ್ಮ್ ಕ್ಯಾಮೆರಾದಲ್ಲಿ ಎಪ್ಪತ್ತೈದು ಹಾಕಿದಾಗ ಕಾಣುವಷ್ಟು ಅಗಲ ಕಾಣುತ್ತದೆ." ಫಿಲ್ಮ್ ಬಳಸಿದವರಿಗೆ ಇದು ಸರಿಯಾದ ಸಹಾಯವಾಗಿತ್ತು. ಈಗ ಫಿಲ್ಮನ್ನು ಕೈಯಲ್ಲಿ ಹಿಡಿಯದ ತಲೆಮಾರಿನವರು ಆ ಮಾತಿನ ಮೊದಲ ಭಾಗವನ್ನೂ ಕೊನೆಯ ಭಾಗವನ್ನೂ ಬಿಟ್ಟು ನಡುವಿನ ಅಂಕಿಯನ್ನು ಮಾತ್ರ ಬಾಯಿಪಾಠ ಮಾಡಿದ್ದಾರೆ. ನಿಮ್ಮ ಕಿಸೆಯಲ್ಲಿರುವ ಮೊಬೈಲನ್ನೇ ನೋಡಿ. ಅದರ ಕ್ಯಾಮೆರಾ 24 ಅಥವಾ 26 ಎಂಎಂ ಎಂದು ಬರೆದಿರುತ್ತದೆ. ಇಡೀ ಮೊಬೈಲಿನ ದಪ್ಪ ಎಂಟು ಮಿಲಿಮೀಟರಿನ ಆಸುಪಾಸು ಇರುವಾಗ ಅದರೊಳಗೆ ಇಪ್ಪತ್ತಾರು ಮಿಲಿಮೀಟರಿನ ಲೆನ್ಸ್ ಹೇಗೆ ಕೂತೀತು? ಅಲ್ಲಿಯೂ ಬರೆದಿರುವುದು ಹೋಲಿಕೆಯ ಅಂಕಿ. ನಿಜವಾದ ಸಂಗಮದೂರ ಕೆಲವೇ ಮಿಲಿಮೀಟರ್.

ನನಗೆ ಕೈಹಿಡಿದು ಕೆಲಸ ಕಲಿಸಿದ ಹಿರಿಯರ ಸ್ಟುಡಿಯೋದಲ್ಲಿ ಯಾಶಿಕಾ ಮ್ಯಾಟ್ 124 ಜಿ ಇತ್ತು, 120ರ ರೋಲ್ ಹಾಕುವ ಚೌಕ ಚಿತ್ರದ ಕ್ಯಾಮೆರಾ. ಅದರ ಲೆನ್ಸ್ 80 ಎಂಎಂ. ಆರು ಸೆಂಟಿಮೀಟರಿನ ಆ ದೊಡ್ಡ ಚೌಕಟ್ಟಿನಲ್ಲಿ ಎಂಬತ್ತು ಎಂಬುದು ಸಾಮಾನ್ಯ ನೋಟದ ಲೆನ್ಸ್. ನನ್ನ ಗುರುಗಳು ಅದೇ ಮೇಜಿನ ಮೇಲೆ 35 ಎಂಎಂ ಕ್ಯಾಮೆರಾವನ್ನೂ ಇಟ್ಟುಕೊಂಡಿದ್ದರು, ಆದರೆ ಎಂಬತ್ತು ಇಲ್ಲಿ ಐವತ್ತು ಆಗುತ್ತದೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಒಂದೊಂದು ಚೌಕಟ್ಟಿಗೆ ಒಂದೊಂದು ಲೆನ್ಸ್ ಎಂದು ತಿಳಿದಿದ್ದರು, ಸಾಕಾಗಿತ್ತು.

ಈಗ ನಿಮ್ಮ ಮೂರು ದೂರುಗಳಿಗೆ ಬರುತ್ತೇನೆ.

ಹಳೆಯ ಕ್ಯಾಮೆರಾದಲ್ಲಿ ವರನ ಮುಖವೋ ವೇಷಧಾರಿಯ ಮುಖವೋ ಚೌಕಟ್ಟು ತುಂಬಬೇಕಾದರೆ ನೀವು ಸುಮಾರು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲುತ್ತಿದ್ದಿರಿ ಎಂದುಕೊಳ್ಳೋಣ. ಹೊಸದರಲ್ಲಿ ಅಷ್ಟೇ ತುಂಬಿಸಲು, ಗೊತ್ತಿಲ್ಲದೆಯೇ, ಒಂದು ಮೀಟರಿಗೆ ಬಂದಿದ್ದೀರಿ. ಮೂಗಿನ ತುದಿಯಿಂದ ಕಿವಿಗೆ ಹಿಮ್ಮುಖವಾಗಿ ಸುಮಾರು 12 ಸೆಂಟಿಮೀಟರ್ ಇರುತ್ತದೆ. ಒಂದೂವರೆ ಮೀಟರಿನಿಂದ ನೋಡುವಾಗ ಮೂಗು ಕಿವಿಗಿಂತ ಶೇಕಡಾ 8ರಷ್ಟು ಹಿಗ್ಗಿ ಕಾಣುತ್ತದೆ, ಒಂದು ಮೀಟರಿನಿಂದ ಶೇಕಡಾ 12ರಷ್ಟು. ಅಂಕಿ ಸಣ್ಣದೆನಿಸಬಹುದು, ಆದರೆ ಮುಖದ ವಿಷಯದಲ್ಲಿ ನಮ್ಮ ಕಣ್ಣು ಬಹಳ ಸೂಕ್ಷ್ಮ. ಮದುಮಗಳ ತಾಯಿ ಆಲ್ಬಂ ತಿರುಗಿಸುತ್ತ "ಇದು ನಮ್ಮ ಹುಡುಗಿಯ ಹಾಗೆ ಇಲ್ಲವಲ್ಲ" ಎನ್ನಲು ಅಷ್ಟು ಸಾಕು.

ಕಣ್ಣಿನ ದೂರಿಗೂ ಕಾರಣ ಅದೇ ಅರ್ಧ ಮೀಟರ್. ಅಪರ್ಚರನ್ನು, ಅಂದರೆ ಬೆಳಕು ಬಿಡುವ ಕಂಡಿಯನ್ನು, 1.8ರಲ್ಲಿ ಪೂರ್ತಿ ತೆರೆದಿಟ್ಟ ಐವತ್ತರ ಲೆನ್ಸಿನಿಂದ ಒಂದೂವರೆ ಮೀಟರ್ ದೂರದಲ್ಲಿ ಕ್ರಾಪ್ ಕ್ಯಾಮೆರಾದಲ್ಲಿ ತೆಗೆದರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಆರೂವರೆ ಸೆಂಟಿಮೀಟರ್. ಫುಲ್ ಫ್ರೇಮಿನಲ್ಲಿ ಒಂದು ಮೀಟರಿಗೆ ಬಂದರೆ ಅದು ಸುಮಾರು ನಾಲ್ಕೂಕಾಲು ಸೆಂಟಿಮೀಟರಿಗೆ ಇಳಿಯುತ್ತದೆ. ಮುಖ ಒಂದಿಷ್ಟು ಓರೆಯಾದರೂ ಆಚೆಯ ಕಣ್ಣು ಆ ಪಟ್ಟಿಯಿಂದ ಹೊರಗೆ ಬೀಳುತ್ತದೆ. 2.8ಕ್ಕೆ ಮುಚ್ಚಿ, ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ಮೂಲೆಗಳು ಕಪ್ಪಾಗುವುದು ಮಾತ್ರ ಲೆನ್ಸಿನ ಸ್ವಭಾವ. ಹಳೆಯ ಸೆನ್ಸರ್ ಲೆನ್ಸಿನ ದುಂಡು ಚಿತ್ರದ ನಡುವನ್ನು ಮಾತ್ರ ತೆಗೆದುಕೊಳ್ಳುತ್ತಿದ್ದುದರಿಂದ ಅಂಚಿನ ಕತ್ತಲೆ ಆರು ವರ್ಷ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ. 4ಕ್ಕೆ ಮುಚ್ಚಿದರೆ ಬಹುಮಟ್ಟಿಗೆ ಹೋಗುತ್ತದೆ, ಉಳಿದದ್ದನ್ನು ಕ್ಯಾಮೆರಾದ ಲೆನ್ಸ್ ಕರೆಕ್ಷನ್ ಸರಿಪಡಿಸುತ್ತದೆ.

ಹೊಸ ಕ್ಯಾಮೆರಾಕ್ಕೆ 85 ಎಂಎಂ 1.8 ಲೆನ್ಸ್ ಒಂದನ್ನು ಕೊಳ್ಳಿ, ಹಿಂದಿನಂತೆ ಒಂದೂವರೆ ಮೀಟರಿಗೆ, ಸಾಧ್ಯವಾದರೆ ಇನ್ನೂ ಹಿಂದಕ್ಕೆ ಸರಿಯಿರಿ. ಮುಖ ಮೊದಲಿನಂತೆಯೇ ಬರುತ್ತದೆ. ಈಗಲೇ ಹಣವಿಲ್ಲದಿದ್ದರೆ, ಐವತ್ತರಲ್ಲಿಯೇ ಒಂದೂವರೆ ಮೀಟರಿನಲ್ಲಿ ನಿಂತು ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ಬೇಕಲದ ಪ್ರಿಂಟುಗಳನ್ನು ನಂಬಿದವರಿಗೆ ಮುಖದ ಆಕಾರದಲ್ಲಿ ಯಾವ ಕೊರತೆಯೂ ಕಾಣಬಾರದು.

ಕತ್ತಲೆಯಲ್ಲಿ ಫುಲ್ ಫ್ರೇಮ್ ಎಷ್ಟು ಮೇಲು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದರ ವಿಸ್ತೀರ್ಣ 864 ಚದರ ಮಿಲಿಮೀಟರ್, ಹಳೆಯದರದ್ದು ಸುಮಾರು 367. ಒಂದೇ ಶಟರ್, ಒಂದೇ ಅಪರ್ಚರ್ ಇಟ್ಟಾಗ ಇಡೀ ಸೆನ್ಸರಿಗೆ ಬೀಳುವ ಒಟ್ಟು ಬೆಳಕು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಒಂದು ಸ್ಟಾಪಿಗಿಂತ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್) ಒಂದಿಷ್ಟು ಮೇಲೆ. ದೈವ ಕೆಂಡ ಹಾಯುವ ಒತ್ತೆಕೋಲದ ಬೆಳಗಿನ ಜಾವ, ಮೇಲೇರಿಯ (ಉರಿಸಿದ ಸೌದೆಯ ರಾಶಿ) ಕೆಂಡದ ಬೆಳಕಿನಲ್ಲಿ ಹಳೆಯ ಕ್ಯಾಮೆರಾ, ಬೆಳಕಿಗೆ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒ 3200ರಲ್ಲಿ ಕೊಡುತ್ತಿದ್ದ ಚಿತ್ರವನ್ನು, ಎರಡೂ ಒಂದೇ ಕಾಲದ ಸೆನ್ಸರುಗಳಾದರೆ, ಹೊಸದು 6400ರಲ್ಲಿ ಕೊಡುತ್ತದೆ. ದೈವದ ಓಟಕ್ಕೆ ಶಟರ್ ಎರಡರಷ್ಟು ವೇಗವಾಗುವುದು ದೊಡ್ಡ ಲಾಭವೇ.

ಹಳೆಯ ಕ್ಯಾಮೆರಾವನ್ನು ಮಾರಿಬಿಡಲೇ ಎಂಬುದನ್ನೂ ನೀವು ಕೇಳಲಿಲ್ಲ, ಹೆಚ್ಚಿನವರು ಮಾರಿದ ಮೇಲೆಯೇ ಕೇಳುತ್ತಾರೆ. ಮಾರಬೇಡಿ. ಕುಂಬಳೆಯ ಹತ್ತಿರದ ಕಿದೂರಿಗೆ ಹಕ್ಕಿ ನೋಡಲು ಹೋಗುವವರು ಕ್ರಾಪ್ ಕ್ಯಾಮೆರಾದಲ್ಲಿ ಲೆನ್ಸ್ ಉದ್ದವಾಗುತ್ತದೆ ಎನ್ನುತ್ತಾರೆ. ಉದ್ದವಾಗುವುದಿಲ್ಲ ಎಂದು ಇಷ್ಟು ಹೊತ್ತು ಹೇಳಿದ್ದೇನೆ, ಆದರೂ ಅವರು ಕಾಣುತ್ತಿರುವ ಲಾಭ ನಿಜ. 300 ಎಂಎಂ ಲೆನ್ಸಿನಿಂದ ದೂರದ ಕೊಂಬೆಯ ಮಂಗಟ್ಟೆಯ ಚಿತ್ರ ಎರಡೂ ಸೆನ್ಸರುಗಳ ಮೇಲೆ ಒಂದೇ ಅಳತೆಯಲ್ಲಿ ಬೀಳುತ್ತದೆ. ಎರಡೂ 24 ಮೆಗಾಪಿಕ್ಸೆಲಿನ ಕ್ಯಾಮೆರಾಗಳಾದರೆ, ಕ್ರಾಪ್ ಸೆನ್ಸರಿನಲ್ಲಿ ಆ ಪಿಕ್ಸೆಲುಗಳು ಚಿಕ್ಕ ಜಾಗದಲ್ಲಿ ಒತ್ತಾಗಿ ಕೂತಿರುತ್ತವೆ. ಫುಲ್ ಫ್ರೇಮಿನ ಚಿತ್ರವನ್ನು ಅಷ್ಟೇ ಭಾಗಕ್ಕೆ ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್, ಹಳೆಯದರಲ್ಲಿ ಪೂರ್ತಿ 24. ಒಳ್ಳೆಯ ಬೆಳಕಿನಲ್ಲಿ ರೆಕ್ಕೆಯ ಗೆರೆಗಳು ಅಲ್ಲಿಯೇ ಹೆಚ್ಚು ಬಿಡಿಸಿಕೊಂಡು ಕಾಣುತ್ತವೆ. ಮದುವೆಗೆ ಹೊಸದು, ಹಕ್ಕಿಗೆ ಹಳೆಯದು. ಹಳೆಯ ಕ್ಯಾಮೆರಾದ ಬ್ಯಾಟರಿಯನ್ನು ಮಳೆಗಾಲದಲ್ಲಿ ಒಳಗೇ ಬಿಟ್ಟು ಕಪಾಟಿನಲ್ಲಿ ಇಡಬೇಡಿ.